ಬೋರಲು ಬಿದ್ದ ಕೂಸಿಗೆ ಜೀನ್ಸಿನ ಚೀಲ

“ಬರ್ರೆಪ್ಪಾ ಬರ್ರಿ, ಎಲ್ಲಾರೂ ನೋಡ್ರಿ! ನಾವು ಮಿಲ್ಲಿನ್ಯಾಗ ಅಕ್ಕಿ ತುಂಬಾಕ ಚೀಲ ಹೊಲಿತೀವಿ, ನಮ್ಮ ಅಳಿಯ ಹೆತ್ತ ಮಗಳ್ನ ತುಂಬಾಕ ಚೀಲ ಹೊಲ್ಕಂಡು ಬಂದಾನ! ಏಳನೇತ್ತಿಗೆ ಸಾಲಿ ಬಿಟ್ಟ ತಲಿ ಐತಲ್ಲ, ಅದು ಹಿಂಗ ಓಡ್ತೈತಿ!”

ಗಾಳೆಪ್ಪ ಆ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಸಂತೆಯಲ್ಲಿ ಕಂಬಳಿ ತೋರಿಸುವವನ ಹಾಗೆ ಅತ್ತ ಇತ್ತ ತಿರುಗಿಸಿದ. ಸಿರುಗುಪ್ಪದ ಆ ಮನೆಯ ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂತಿದ್ದ ನೆಂಟರ ಬಾಯಲ್ಲಿ ಹೋಳಿಗೆ ಇತ್ತು. ಹಾಗಾಗಿ ಅವರು ಮೂಗಿನಲ್ಲಿ ನಕ್ಕರು. ಬಾಯಿಬಿಟ್ಟು ನಕ್ಕರೆ ಮರೆತುಬಿಡಬಹುದು. ಮೂಗಿನಲ್ಲಿ ನಕ್ಕದ್ದು ಕಿವಿಯೊಳಗೇ ಕೂತುಬಿಡುತ್ತದೆ.

“ಐವತ್ತು ಕೇಜಿದಾ, ಇಪ್ಪತ್ತೈದು ಕೇಜಿದಾ?” ಎಂದು ಮೂಲೆಯಿಂದ ಒಬ್ಬ ಕೇಳಿದ.

ಪರಶು ತುಪ್ಪದ ಗಿಂಡಿ ಹಿಡಿದು ಸಾಲಿನ ನಡುವೆ ನಿಂತಿದ್ದ. ಅಳಿಯನ ಕೈಯಿಂದಲೇ ತುಪ್ಪ ಬೀಳಬೇಕೆಂದು ಅತ್ತೆ ವೀರಭದ್ರಮ್ಮ ಅವನ ಕೈಗೆ ಗಿಂಡಿ ಕೊಟ್ಟಿದ್ದಳು. ಗಾಳೆಪ್ಪ ಅವನಿಗೆ ಹೆಂಡತಿಯ ಅಪ್ಪನಷ್ಟೇ ಆಗಿರಲಿಲ್ಲ, ತಾಯಿಯ ಒಡಹುಟ್ಟಿದ ತಮ್ಮನೂ ಹೌದು. ಹುಟ್ಟಿದಾಗಿನಿಂದ “ಲೇ ಪರ್ಶ್ಯಾ” ಎಂದು ಕರೆದ ಬಾಯಿ ಮದುವೆಯ ದಿನ ಒಂದು ಹೊತ್ತು ಮಾತ್ರ “ಅಳಿಯಂದ್ರ” ಎಂದಿತ್ತು, ಅದೂ ವಿಡಿಯೋದವನು ಎದುರಿಗಿದ್ದಾಗ. ಬೇರೆಲ್ಲಾದರೂ ಆಗಿದ್ದರೆ ಪರಶು ಅಂಥ ಮಾತಿಗೆ ಕಲ್ಲು ಎತ್ತುತ್ತಿದ್ದ. ಇಲ್ಲಿ ಕೈಯಲ್ಲಿ ತುಪ್ಪ. ಸಿಟ್ಟಿನಲ್ಲಿ ಮೂಲೆಯವನ ಎಲೆಗೆ ತುಪ್ಪ ಸುರಿದ ರಭಸಕ್ಕೆ ಅವನ ಹೋಳಿಗೆ ತೇಲಿತು.

ಆ ಹೋಳಿಗೆಯ ಕಥೆ ಹೀಗೆ. ಈ ಸೀಮೆಯಲ್ಲಿ ಕೂಸು ಮೊದಲ ಸಲ ತಾನೇ ಹೊಳ್ಳಿ ಬೋರಲು ಬಿದ್ದರೆ ಹೋಳಿಗೆ ಮಾಡಿ ಓಣಿಗೆಲ್ಲ ಹಂಚುತ್ತಾರೆ. ಪರಶುವಿನ ಮಗಳು ಬೋರಲು ಬಿದ್ದಿದ್ದಳು. ಅವಳಿಗೆ ಸೋದರಮಾವ ಹುಲುಗೇಶ ಮೊಬೈಲಿನಲ್ಲಿ ಹುಡುಕಿ ಇಟ್ಟ ಹೆಸರು ಯಾರ ನಾಲಿಗೆಯಲ್ಲೂ ಹೊರಳದೆ, ಮನೆಮಂದಿಯೆಲ್ಲ ಗುಂಡಮ್ಮ ಎನ್ನುತ್ತಿದ್ದರು. ಗುಂಡಮ್ಮ ಹಗಲು ಬೋರಲು ಬಿದ್ದರೆ ಚಪ್ಪಾಳೆ, ಮುದ್ದು, ವಿಡಿಯೋ. ಅದೇ ಗುಂಡಮ್ಮ ರಾತ್ರಿ ಬೋರಲು ಬಿದ್ದರೆ ಮನೆಗೆ ಕಳ್ಳ ನುಗ್ಗಿದಷ್ಟು ಗದ್ದಲ. ಹೊಳ್ಳುವುದು ಗೊತ್ತು, ವಾಪಸು ತಿರುಗುವುದು ಗೊತ್ತಿಲ್ಲ. ಕೈಯೊಂದು ಎದೆಯ ಕೆಳಗೆ ಸಿಕ್ಕಿಕೊಂಡು, ಮುಖ ಹಾಸಿಗೆಗೆ ಒತ್ತಿ, ಅಳುತ್ತಿದ್ದಳು. ತಿರುಗಿಸಿ ಹಾಕಿದರೆ ಇನ್ನೂ ರೆಪ್ಪೆ ಮುಚ್ಚುವ ಮೊದಲೇ ಮತ್ತೆ ಬೋರಲು. ಹಗಲು ಹೋಳಿಗೆ ತಿಂದು ಸಂಭ್ರಮಿಸುವ ಕೆಲಸಕ್ಕೆ ರಾತ್ರಿ ಪಹರೆ ಹಾಕುವ ಜನರನ್ನು ಪರಶು ಬೇರೆಲ್ಲೂ ಕಂಡಿರಲಿಲ್ಲ.

ಪಹರೆಯಾದರೂ ಎಂಥದು! ವೀರಭದ್ರಮ್ಮ ಭತ್ತದ ಗದ್ದೆಗೆ ಬದು ಹಾಕಿದಂತೆ ಕೂಸಿನ ಎರಡೂ ಕಡೆ ದಿಂಬು ಒಟ್ಟಿದಳು. ಗುಂಡಮ್ಮ ಬದು ಹತ್ತಿ ದಿಂಬಿನ ಮೇಲೆ ಬೋರಲು ಬಿದ್ದಳು. ತಲೆ ಅಲ್ಲಾಡದಿರಲೆಂದು ಸಾಸಿವೆ ತುಂಬಿದ ದಿಂಬು ಇಟ್ಟರು. ಅದರ ಹೊಲಿಗೆ ಬಿಚ್ಚಿ ಮನೆಯಿಡೀ ಸಾಸಿವೆ ಉರುಳಿ, ಗಾಳೆಪ್ಪನೇ ಜಾರಿ ಬಿದ್ದ. ಬಳ್ಳಾರಿ ಕಂಟೋನ್ಮೆಂಟಿನ ಆಫೀಸೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಲುಗೇಶ ಆನ್‌ಲೈನಿನಲ್ಲಿ ಒಂದು ಸ್ಪಂಜಿನ ತಡೆಗೋಡೆ ತರಿಸಿದ. ಅದರ ತುಂಬ ಆನೆ, ಜಿರಾಫೆ. ಒಂದು ರಾತ್ರಿ ಪರಶುವಿನ ಹೆಂಡತಿ ಸರೋಜಾ ಎಚ್ಚರವಾಗಿ ನೋಡಿದರೆ ಕೂಸಿನ ಮೂಗು ಆ ಜಿರಾಫೆಯ ಹೊಟ್ಟೆಗೆ ಒತ್ತಿಕೊಂಡು, ಉಸಿರು ಗೊರಗೊರ ಅನ್ನುತ್ತಿತ್ತು. ಅಂದಿನಿಂದ ಅವಳು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ.

ಲಸಿಕೆ ಹಾಕಿಸಲು ಹೋದಾಗ ಆಸ್ಪತ್ರೆಯ ಸಿಸ್ಟರು ಸರೋಜಾಗೆ ಏನೋ ಹೇಳಿ ಕಳಿಸಿದ್ದಳು. ಸರೋಜಾ ಅದನ್ನು ಮನೆಯಲ್ಲಿ ಹೇಳಲು ಹೋದರೆ ಯಾರೂ ಕಿವಿಗೊಡಲಿಲ್ಲ. ಪುಕ್ಕಟೆ ಸಿಕ್ಕ ಮಾತು, ಅದರಲ್ಲೂ ಮನೆಯ ಮಗಳ ಬಾಯಿಂದ ಬಂದದ್ದು. ಫೋನಿನಲ್ಲಿ ಗಂಡನಿಗೆ ಹೇಳಿದಳು. ಅವನೂ, “ನೀ ಸುಮ್ನಿರು, ನಾನೊಂದು ಐಡಿಯಾ ಮಾಡೀನಿ” ಎಂದು ಫೋನಿಟ್ಟ.

ಆ ಐಡಿಯಾವೇ ಈ ಚೀಲ. ಪರಶು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನ ದರ್ಜಿ. ನೀಲಿ ಬಟ್ಟೆಯಲ್ಲೇ ಹುಟ್ಟಿ ಬೆಳೆದವನಂತೆ ಅವನ ಉಗುರಿನ ಸಂದಿಗಳು ಯಾವಾಗಲೂ ನೀಲಿ; ಮದುವೆಯಲ್ಲಿ ಅರಿಶಿಣ ಹಚ್ಚಿದಾಗ ಬೆರಳ ತುದಿ ಹಸಿರಾಗಿ ಹೆಂಗಸರು ಬಿದ್ದು ಬಿದ್ದು ನಕ್ಕಿದ್ದರು. ಯೂನಿಟ್ಟಿನ ದಪ್ಪ ಬಟ್ಟೆಯಲ್ಲಿ, ಕೂಸಿನ ಅಳತೆಗೆ, ಕುತ್ತಿಗೆಯ ಕೆಳಗೆ ಕೈಕಾಲು ಒಳಗೇ ಉಳಿಯುವಂತೆ, ಪ್ಯಾಂಟಿಗೆ ಹಾಕುವ ಡಬಲ್ ಹೊಲಿಗೆ ಹಾಕಿ ಹೊಲಿದಿದ್ದ. ಅದರೊಳಗೆ ಇಟ್ಟರೆ ಕೂಸಲ್ಲ, ಕುಸ್ತಿಯ ಪೈಲ್ವಾನನೂ ಹೊಳ್ಳಲಾರ. ಬೆನ್ನಿಗೆ ಕಂಪನಿಯ ಚರ್ಮದ ಲೇಬಲ್ ಬೇರೆ.

ಇದನ್ನೆಲ್ಲ ಅವನು ಬರೀ ಪ್ರೀತಿಗೆ ಹೊಲಿಯಲಿಲ್ಲ. ಇವತ್ತು ಹೋಳಿಗೆ ಊಟ ಮುಗಿದರೆ ಬಾಣಂತನ ಮುಗಿದಂತೆ. ಹೆಂಡತಿ ಮಗಳನ್ನು ಬಳ್ಳಾರಿಯ ಕೋಣೆಗೆ ಕರೆದುಕೊಂಡು ಹೋಗುವ ದಿನ ಇದು. ಅದಕ್ಕೆಂದೇ ಅವನ ತಾಯಿ ಹೊನ್ನೂರಮ್ಮ ಕುರುಗೋಡಿನಿಂದ ಸೀರೆ, ಕುಬಸ, ಸೊಸೆಯ ಮಡಿಲು ತುಂಬಲು ಉಡಿಯಕ್ಕಿ ಹಿಡಿದು ಬಂದಿದ್ದಳು. ಆದರೆ ಗಾಳೆಪ್ಪ ವಾರದಿಂದ ಒಂದೇ ಹಾಡು ಶುರು ಮಾಡಿದ್ದ: “ರಾತ್ರಿ ಹೊಳ್ಳೋ ಕೂಸು, ಅಲ್ಲಿ ನೋಡ್ಕಳ್ಳೋರು ಯಾರು? ಆಮ್ಯಾಲ ನೋಡಾನು ಬಿಡು.” ಆಮೇಲೆ ಅಂದರೆ ಯಾವಾಗ ಎಂದು ಕೇಳಿದರೆ ಮತ್ತೆ ಅದೇ ಹಾಡು. ಮಗಳು ನಗಲು ಕಲಿತದ್ದನ್ನು, ಬೋರಲು ಬಿದ್ದದ್ದನ್ನು ಪರಶು ಫೋನಿನ ಪರದೆಯಲ್ಲಿ ನೋಡಿದ್ದ. ಕೂಸು ಅವನನ್ನು ಕಂಡರೆ ಫೋನು ಎಲ್ಲಿ ಎಂದು ಹುಡುಕುವಂತೆ ನೋಡುತ್ತಿತ್ತು. ಇನ್ನೊಂದು ತಿಂಗಳು ಹೀಗೇ ಹೋದರೆ ಅದು ಮೊಬೈಲನ್ನೇ ಅಪ್ಪಾ ಎಂದೀತು.

ಗಿಂಡಿ ಕೆಳಗಿಟ್ಟು ಪರಶು ಮಾವನ ಕೈಯಿಂದ ಚೀಲ ಕಿತ್ತುಕೊಂಡ.

“ಆತು ಮಾವ. ಈಗ ಎಲ್ಲಾರ ಮುಂದ ಮಲಗಸ್ತೀನಿ. ಹೊಳ್ಳಿದ್ರ ನಾ ಮಗಳ್ನ ಇಲ್ಲೇ ಬಿಟ್ಟು ಹೋಗ್ತೀನಿ. ಹೊಳ್ಳಲಿಲ್ಲಂದ್ರ ಸಂಜಿ ಬಸ್ಸಿಗೆ ಕಳಸ್ಬೇಕು.”

“ಸೆಕಿ ಭಾಳ ಐತ್ರೀ, ಬ್ಯಾಡ ಬಿಡ್ರಿ,” ಎಂದಳು ಸರೋಜಾ ಒಳಗಿನಿಂದ. “ಸಿಸ್ಟರ್ ಹೇಳಿದ್ದು—”

“ನೀ ಕೂಸು ಕೊಡು.”

ಗುಂಡಮ್ಮ ಆಗಷ್ಟೇ ಹಾಲು ಕುಡಿದು ಅರ್ಧ ಕಣ್ಣಿನಲ್ಲಿದ್ದಳು. ಚೀಲದೊಳಗೆ ಇಳಿಸಿದಾಗ ಒಮ್ಮೆ ಮುಖ ಸಿಂಡರಿಸಿ, ಎರಡು ಸಲ ಹೊಳ್ಳಲು ನೋಡಿ, ಬಟ್ಟೆ ಬಗ್ಗದ್ದನ್ನು ಕಂಡು, ಕುತ್ತಿಗೆಯ ಪಟ್ಟಿಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಾ ನಿದ್ದೆಹೋದಳು. ಅಂಗಾತ. ಮಿಸುಕಾಡದೆ.

ಆಮೇಲೆ ನೆಂಟರ ಮನಸ್ಸು ಗಾಳಿ ಬೀಸಿದ ಕಡೆ ತಿರುಗಿತು. ಐವತ್ತು ಕೇಜಿಯದೋ ಎಂದವನು ತನ್ನ ಮೊಮ್ಮಗನಿಗೂ ಒಂದು ಹೊಲಿದುಕೊಡು ಎಂದ. ಹೊನ್ನೂರಮ್ಮ ಎಲೆಯಡಿಕೆ ಬಾಯಿ ತುಂಬಿಕೊಂಡು, “ಸಣ್ಣಾವ್ ಇದ್ದಾಗಿಂದ ಹಂಗ ನೋಡ್ರಿ ಇವ್ನು, ಕೈಯಾಗ ಏನಾರ ಮಾಡ್ತಾನಿದ್ದ” ಎಂದು ಎಂದೂ ನಡೆಯದ್ದನ್ನೆಲ್ಲ ಹೇಳತೊಡಗಿದಳು. ಗಾಳೆಪ್ಪ ಕೂಡ ಗಂಟಲು ಸರಿಮಾಡಿಕೊಂಡು, “ನಮ್ಮ ಅಕ್ಕನ ಮಗಾ ಅಲ್ವೇನ್ರಿ, ನಮ್ಮ ರಕ್ತ” ಎಂದ. ಪರಶು ಕಾಲರು ಎಳೆದುಕೊಂಡು, ಕಾಲಮೇಲೆ ಕಾಲು ಹಾಕಿ ಕೂತು, ಎರಡು ಹೋಳಿಗೆ ಜಾಸ್ತಿ ತಿಂದ. ಜೀವನದಲ್ಲಿ ಮೊದಲ ಸಲ ಆ ಮನೆಯಲ್ಲಿ ಅವನಿಗೆ ಯಾರೋ ಕೇಳದೆಯೇ ನೀರು ತಂದುಕೊಟ್ಟರು.

ಆಗ ಕರೆಂಟು ಹೋಯಿತು.

ಸಿರುಗುಪ್ಪದ ಬಿಸಿಲಿನಲ್ಲಿ ಫ್ಯಾನು ನಿಂತರೆ ಗೋಡೆಯೂ ಬೆವರುತ್ತದೆ. ನೆಂಟರು ಸೆರಗು, ಟವೆಲು, ಬಾಳೆಲೆ ಸಿಕ್ಕಿದ್ದರಲ್ಲಿ ಗಾಳಿ ಬೀಸಿಕೊಳ್ಳುತ್ತಾ ಹರಟೆಯಲ್ಲಿ ಮುಳುಗಿದರು. ಕೂಸಿಗೆ ಸೆಕೆಯಾಗಿರಬೇಕೆಂದು ವೀರಭದ್ರಮ್ಮ ಬೀಸಣಿಗೆ ಹಿಡಿದು ಹೋದವಳು, ಬಗ್ಗಿ ನೋಡಿ, ಬೀಸಣಿಗೆ ಒಗೆದು ಕಿರುಚಿದಳು. ಅವಳ ತವರು ಆದೋನಿ ಕಡೆ. ಭಯವಾದರೆ ತೆಲುಗೇ ಮೊದಲು ಬರುವುದು.

“ಅಯ್ಯೋ ದೇವುಡಾ! ಕೂಸು ನೀಲಿಗಟ್ಟೇತಿ! ತುಟಿ ನೋಡ್ರೋ!”

ನಿಜ. ತುಟಿ ನೀಲಿ. ಗಲ್ಲ, ಗದ್ದ ನೀಲಿ. ಸರೋಜಾ ಚೀಲದ ಗುಂಡಿ ಕಿತ್ತು ಎಳೆದರೆ ಕೈ, ಕಾಲು, ಹೊಟ್ಟೆ ಎಲ್ಲ ನೀಲಿ. ಪಡಸಾಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೊಳೆಯಿತು. ಹಾವು ಕಚ್ಚಿದೆ ಎಂದಳು ಒಬ್ಬಳು. ಇಷ್ಟು ಜನ ಹೊಗಳಿದರೆ ದೃಷ್ಟಿಯಾಗದೆ ಇರುತ್ತದೆಯೇ ಎಂದಳು ಇನ್ನೊಬ್ಬಳು. ಹುಲುಗೇಶ ಮೊಬೈಲಿನಲ್ಲಿ ಹುಡುಕಿ, “ಹಾರ್ಟ್ ಪ್ರಾಬ್ಲಮ್ಮಂತ! ಎಮರ್ಜೆನ್ಸಿಯಂತ!” ಎಂದು ಓದುತ್ತಲೇ ಇದ್ದ, ಅವನ ಕಣ್ಣು ಕೂಸಿನ ಕಡೆ ಒಮ್ಮೆಯೂ ಹೋಗಲಿಲ್ಲ.

ಪರಶು ಮಗಳನ್ನು ಎತ್ತಿಕೊಂಡು ಬರಿಗಾಲಿನಲ್ಲಿ ಓಡಿದ. ಕಾದ ಸಿಮೆಂಟು ರಸ್ತೆ ಅಂಗಾಲು ಸುಟ್ಟದ್ದು ಅವನಿಗೆ ಗೊತ್ತಾಗಲಿಲ್ಲ. ಗುಂಡಮ್ಮ ನಿದ್ದೆ ಕೆಟ್ಟ ಸಿಟ್ಟಿಗೆ ಬಾಯಿ ಹರಿಯುವಂತೆ ಅಳುತ್ತಿದ್ದಳು. ಇಷ್ಟು ಜೋರಾಗಿ ಅಳುವ ಕೂಸಿಗೆ ಉಸಿರು ಕಟ್ಟಿರಲಾರದು ಎಂಬ ಬುದ್ಧಿ ಆ ಓಣಿಯಲ್ಲಿ ಓಡುತ್ತಿದ್ದ ಒಬ್ಬರಿಗೂ ಬರಲಿಲ್ಲ. ಅವನ ಹಿಂದೆ ಸರೋಜಾ, ಅವಳ ಹಿಂದೆ ಎದೆ ಬಡಿದುಕೊಳ್ಳುತ್ತಾ ಇಬ್ಬರು ಅಜ್ಜಿಯರು, ಅವರ ಹಿಂದೆ ಗಾಳೆಪ್ಪ, ಚೀಲವನ್ನು ಸಾಕ್ಷಿಗೆಂದು ಬಗಲಲ್ಲಿ ಇಟ್ಟುಕೊಂಡು. ಅವನ ಹಿಂದೆ ನೆಂಟರು. ಕೆಲವರು ಕೈ ತೊಳೆದೇ ಇರಲಿಲ್ಲ.

ಬಜಾರಿನ ಡಾಕ್ಟರು ಪಾಲಯ್ಯ ಆಗಷ್ಟೇ ಊಟಕ್ಕೆ ಏಳುತ್ತಿದ್ದರು. ಕೂಸಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ನಾಲಿಗೆ ನೋಡಿದರು. ಹತ್ತಿಯನ್ನು ನೀರಲ್ಲಿ ಅದ್ದಿ ಗಲ್ಲ ಒರೆಸಿದರು. ಗಲ್ಲ ಗೋಧಿ ಬಣ್ಣಕ್ಕೆ ಬಂತು, ಹತ್ತಿ ನೀಲಿಯಾಯಿತು. ಡಾಕ್ಟರು ಹತ್ತಿಯನ್ನು ನೋಡಿದರು, ಗಾಳೆಪ್ಪನ ಬಗಲಲ್ಲಿದ್ದ ಚೀಲವನ್ನು ನೋಡಿದರು.

“ಜೀನ್ಸ್ ಬಣ್ಣ ಬಿಟ್ಟೈತಿ. ಯಾರು ಇದನ್ನ ಹೊಲ್ದಾವ್ರು?”

ಬಾಗಿಲ ತುಂಬ ನಿಂತಿದ್ದ ನೆಂಟರ ಬೆರಳುಗಳೆಲ್ಲ, ಹೂರಣ ಅಂಟಿದವೂ ಸೇರಿ, ಒಂದೇ ಕಡೆ ತಿರುಗಿದವು. ಮೊಮ್ಮಗನಿಗೆ ಹೊಲಿಸಲು ಕೇಳಿದ್ದವನ ಬೆರಳು ಎಲ್ಲಕ್ಕಿಂತ ಮುಂದಿತ್ತು.

ಮೊದಲು ಪರಶು ಮಗಳ ಇನ್ನೊಂದು ಗಲ್ಲವನ್ನೂ ತನ್ನ ಅಂಗಿಯ ತುದಿಯಿಂದ ಒರೆಸಿ ನೋಡಿದ. ಆಮೇಲೆ ನಾಚಿಕೆ ಬಂತು, ಬೆಂಕಿಯ ಹಾಗೆ. ಹೊಸ ಜೀನ್ಸ್ ಬಟ್ಟೆ ತೊಳೆಯದೆ ಮೈಗೆ ಹಾಕಬಾರದೆಂದು ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಯೂನಿಟ್ಟಿನಲ್ಲಿ ಹೊಲಿದದ್ದೆಲ್ಲ ವಾಷಿಂಗಿಗೆ ಹೋಗಿಯೇ ಅಂಗಡಿ ಮುಟ್ಟುವುದು. ಯಾರೋ ಕಾಣದ ಊರಿನ ಗಿರಾಕಿಯ ತೊಡೆಗೆ ಬಣ್ಣ ಹತ್ತಬಾರದೆಂದು ನಾಲ್ಕು ಸಲ ನೋಡುವವನು, ಮಾವನ ಮುಂದೆ ಮೆರೆಯುವ ಅವಸರದಲ್ಲಿ ಮಗಳ ಬಾಯಿಗೆ ತೊಳೆಯದ ಬಟ್ಟೆ ಇಟ್ಟಿದ್ದ.

“ಬಾಯಿಗೂ ಹೋಗೇತಿ ಒಂದೀಟು. ಗಾಬರಿ ಏನಿಲ್ಲ. ವಾಂತಿ-ಗೀಂತಿ ಮಾಡಿದ್ರ ಕರ್ಕಂಡು ಬರ್ರಿ,” ಎಂದು ಡಾಕ್ಟರು ಕೈ ತೊಳೆದುಕೊಂಡರು. “ಅದಿರ್ಲಿ, ಈ ಉರಿ ಬಿಸಿಲಾಗ ಕೂಸನ್ನ ಚೀಲದಾಗ ಹಾಕೋ ಕರ್ಮ ಯಾಕ ಬಂತು?”

ಎಲ್ಲರೂ ಒಟ್ಟಿಗೆ ಹೇಳಿದರು. ಬದು, ಸಾಸಿವೆ, ಜಿರಾಫೆ, ಹೊನ್ನೂರಮ್ಮ ತಂದಿದ್ದ ಕುರುಗೋಡು ಬಸಪ್ಪನ ಗುಡಿಯ ವಿಭೂತಿ, ಎಲ್ಲವೂ ಒಂದರ ಮೇಲೊಂದು ಬಿದ್ದವು. ಡಾಕ್ಟರು ಮೇಜಿನ ಮೇಲೆ ತಟ್ಟಿದರು.

“ಅಂಗಾತ ಹಾಕ್ರಿ. ಮೆತ್ತನ ಹಾಸಿಗಿ ಬ್ಯಾಡ. ಸುತ್ತ ಮುತ್ತ ದಿಂಬು, ಬಟ್ಟಿ ಏನೂ ಇರಬಾರದು. ಹೊಳ್ಳೋ ಕೂಸಿನ ಕೈಕಾಲು ಕಟ್ಟಬ್ಯಾಡ್ರಿ, ಕಟ್ಟಿದ್ದಾಗ ಬೋರಲ ಬಿತ್ತಂದ್ರ ಅದು ಏಳೋದೆಂಗ? ಹಗಲೊತ್ತು ಎಚ್ಚರಿದ್ದಾಗ ನೆಲದ ಮ್ಯಾಲ ಬಿಟ್ಟು ಆಡಸ್ರಿ, ವಾಪಸ್ ಹೊಳ್ಳೋದು ತಾನ ಕಲಿತೈತಿ. ಕಲ್ತ ಮ್ಯಾಲ ಹೆಂಗರ ಮಲಗಲಿ. ಅಲ್ಲೀಮಟ ಬೋರಲಾದ್ರ ಮೆಲ್ಲಕ ತಿರುಗಿಸಿ ಹಾಕ್ರಿ, ಅಷ್ಟ. ಕೂಸು ನೆಟ್ಟಗೈತಿ. ನೀವೆಲ್ಲಾ ಒಂದೀಟು ಮಲಗ್ರಿ, ಕಣ್ಣು ಕೆಂಪಾಗ್ಯಾವ.”

“ಸಿಸ್ಟರೂ ಇದನ್ನ ಹೇಳಿದ್ಳು,” ಎಂದಳು ಸರೋಜಾ. ಅವಳು ಯಾರನ್ನೂ ಹೆಸರು ಹಿಡಿದು ಬೈಯಲಿಲ್ಲ. ಒಬ್ಬೊಬ್ಬರನ್ನೇ ನೋಡುತ್ತಾ ಬಂದು, ಕೊನೆಗೆ ಗಂಡನ ಮುಖದ ಮೇಲೆ ಕಣ್ಣು ನಿಲ್ಲಿಸಿದಳು. ಪರಶು ತನ್ನ ಉಗುರು ನೋಡಿಕೊಂಡ.

ಮನೆಗೆ ಬಂದ ಮೇಲೆ ಪಂಚಾಯ್ತಿ ಮತ್ತೆ ಕೂತಿತು. ಈ ಸಲ ಗಾಳೆಪ್ಪನಿಗೆ ಬೇಕಾದಷ್ಟು ಬಲ ಬಂದಿತ್ತು. ತೀರ್ಪನ್ನೂ ಅವನೇ ಕೊಟ್ಟ.

“ಕೂಸು ಇಲ್ಲೇ ಇರ್ತೈತಿ. ಇವತ್ತು ನೀಲಿ ಮಾಡ್ಯಾನ, ನಾಳಿ ಇನ್ನೇನು ಮಾಡ್ತಾನೋ. ಬೋರಲ ಬೀಳೋದು ಬಿಡೋತನಕ ನಾ ಕಳಸಾಂಗಿಲ್ಲ.”

“ಲೇ ಗಾಳ್ಯಾ,” ಹೊನ್ನೂರಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಅಕ್ಕನಾದ ಅವಳೊಬ್ಬಳಿಗೇ ಅವನನ್ನು ಹಾಗೆ ಕರೆಯುವ ಹಕ್ಕು. “ಅವ್ವ ಹತ್ತಿ ಬಿಡಿಸಾಕ ಹೋದಾಗ ನಿನ್ನ ಹೊಲದ ಬದುವಿನ್ಯಾಗ ಮಲಗಿಸಿ ನಾನ ಕಾದೀನಿ. ನೀನು ಉಳ್ಳಾಡಿ ಉಳ್ಳಾಡಿ ಕಾಲುವಿ ದಂಡಿಗೆ ಹೋಗ್ತಿದ್ದಿ. ನಿನಗ ಯಾವ ಜಿರಾಫಿ ತರಿಸಿದ್ರೋ?”

“ಆ ಕಾಲ ಬ್ಯಾರೆ ಅಕ್ಕಾ.”

“ಕಾಲ ಬ್ಯಾರೆ, ಕೂಸೂ ಬ್ಯಾರೇನು? ಅದಕ್ಕೇನು ಬಾಲ ಐತಾ?”

ಅವರು ಹೀಗೆ ಕಾದಾಡುತ್ತಿರುವಾಗ ಸರೋಜಾ ಕೋಣೆಯಿಂದ ದಿಂಬುಗಳನ್ನು ಹೊತ್ತು ತಂದು ಅಂಗಳಕ್ಕೆ ಎಸೆದಳು. ಆಮೇಲೆ ಸ್ಪಂಜಿನ ಗೋಡೆ. “ಅಕ್ಕಾ, ಅದು ಬ್ರ್ಯಾಂಡೆಡ್ಡು!” ಎಂದ ಹುಲುಗೇಶ. ಅದು ಅಂಗಳದಲ್ಲಿ ಎರಡು ಸಲ ಪುಟಿದು ಬಿತ್ತು. ಪಡಸಾಲೆಯ ನಡುವೆ ಒಂದು ಚಾಪೆ ಹಾಸಿ, ಅದರ ಮೇಲೆ ಬಿಗಿಯಾಗಿ ದುಪ್ಪಟಿ ಎಳೆದು, ಮೈಯೊರೆಸಿ ತೆಳ್ಳನೆ ಅಂಗಿ ಹಾಕಿದ್ದ ಗುಂಡಮ್ಮನನ್ನು ಅಂಗಾತ ಮಲಗಿಸಿದಳು. ಕಿವಿಯ ಹಿಂದೆ ಇನ್ನೂ ಒಂದಿಷ್ಟು ನೀಲಿ ಉಳಿದಿತ್ತು.

ಗುಂಡಮ್ಮ ಛಾವಣಿ ನೋಡಿದಳು. ಕಾಲೆತ್ತಿದಳು. ಹೊಳ್ಳಿ ಬೋರಲು ಬಿದ್ದಳು.

ಕೈ ಎದೆಯ ಕೆಳಗೆ ಸಿಕ್ಕಿಕೊಂಡಿತು. ತಲೆಯೆತ್ತಿ ಪಂಚಾಯ್ತಿಯನ್ನೆಲ್ಲ ಒಮ್ಮೆ ನೋಡಿ ಅಳತೊಡಗಿದಳು. ಆರೇಳು ಕೈಗಳು ಒಟ್ಟಿಗೆ ಮುಂದೆ ಬಂದವು.

“ಯಾರೂ ಮುಟ್ಟಬ್ಯಾಡ್ರಿ,” ಎಂದಳು ಸರೋಜಾ. “ಹಗಲೈತಿ, ನಾವೆಲ್ಲ ಇಲ್ಲೇ ಅದೀವಿ. ಕಲೀಲಿ.”

ಪರಶುವಿನ ಕೈಯೂ ಮಗಳ ಹತ್ತಿರದವರೆಗೆ ಹೋಗಿತ್ತು. ಅದನ್ನು ಹಿಂದೆ ತೆಗೆದುಕೊಳ್ಳುವುದು, ಓಡುವುದಕ್ಕಿಂತ, ಬೈಗುಳ ನುಂಗುವುದಕ್ಕಿಂತ ಕಷ್ಟವಾಯಿತು. ತೆಗೆದುಕೊಂಡ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತ. ಗುಂಡಮ್ಮ ಅತ್ತಳು, ಕೆಮ್ಮಿದಳು, ಒದ್ದಳು, ಕುಂಡೆ ಎತ್ತಿ ಮೀನಿನ ಹಾಗೆ ಒದ್ದಾಡಿದಳು. ವೀರಭದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಕೊನೆಗೆ ಹೇಗೋ ಆ ಕೈ ಹೊರಗೆ ಬಂತು. ಬಂದ ಕೈ ನೆಲಕ್ಕೆ ಒತ್ತಿದ್ದೇ ತಡ, ಮೈ ಒಂದು ಕಡೆ ವಾಲಿ, ದಪ್ಪನೆ ಅಂಗಾತ ಬಿದ್ದಳು. ತಾನೇನು ಮಾಡಿದೆನೆಂದು ಅವಳಿಗೇ ತಿಳಿಯಲಿಲ್ಲ. ಅಳು ಮರೆತು ಕಣ್ಣು ಮಿಟುಕಿಸಿದಳು.

“ನೋಡಿದ್ರಾ! ನೋಡಿದ್ರಾ!” ಗಾಳೆಪ್ಪ ತೊಡೆ ತಟ್ಟಿದ. “ನಮ್ಮ ಮನಿ ನೆಲದ ಗುಣ ಇದು! ಬಳ್ಳಾರಿ ಬಂಡಿಗಲ್ಲಿನ ಮ್ಯಾಲ ಆಕ್ಕಿತ್ತೇನು?”

“ಅಪ್ಪಾ,” ಸರೋಜಾ ಬಟ್ಟೆಯ ಗಂಟನ್ನು ಬಾಗಿಲ ಹತ್ತಿರ ತಂದಿಟ್ಟಳು. “ಬೋರಲ ಬೀಳೋದು ಬಿಡೋತನಕ ಕಳಸಾಂಗಿಲ್ಲ ಅಂದಿ. ಅದು ಬಿಡೋ ಕೆಲಸ ಅಲ್ಲ, ಕಲಿಯೋ ಕೆಲಸ. ಕಲ್ತಾಳ. ನಾ ಹೊಂಟೀನಿ. ಅತ್ತಿ, ಉಡಿ ತುಂಬ್ರಿ.”

ಹೊನ್ನೂರಮ್ಮ ತಮ್ಮನ ಮುಖ ನೋಡಿಕೊಂಡೇ ಉಡಿ ತುಂಬಿದಳು, ಪ್ರತಿ ಹಿಡಿ ಅಕ್ಕಿಯೂ ಅವನ ತಲೆಯ ಮೇಲೆ ಬೀಳುತ್ತಿದೆಯೇನೋ ಎಂಬಷ್ಟು ಜೋರಾಗಿ. ವೀರಭದ್ರಮ್ಮ ಅಳುತ್ತಾ ಮೊಮ್ಮಗಳ ಹಣೆಗೆ ಕಾಡಿಗೆ ಇಟ್ಟಳು. ಬಳ್ಳಾರಿಯ ಕೋಣೆಯಲ್ಲಿ ತಾನೂ ಒಂದಷ್ಟು ದಿನ ಇದ್ದು ನೋಡಿಕೊಳ್ಳುತ್ತೇನೆಂದು ಹೊನ್ನೂರಮ್ಮ ಅವಳಿಗೆ ಮಾತು ಕೊಟ್ಟಳು.

ಪರಶು ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದ. ಸೋತು ಸುಣ್ಣವಾಗಿದ್ದ ಗುಂಡಮ್ಮ ಅವನ ಕುತ್ತಿಗೆಯ ಸಂದಿಯಲ್ಲಿ ಮೂಗು ತಿಕ್ಕಿ, ಆಕಳಿಸಿ, ಭಾರವಾಗತೊಡಗಿದಳು. ಹಿಂದೆ ಗಾಳೆಪ್ಪ ಕಟ್ಟೆಯ ಮೇಲೆ ಬಂದು ನಿಂತ. ನೆಂಟರೂ ಬಂದರು. ಎದುರು ಮನೆಯವರೂ ಬಾಗಿಲು ತೆಗೆದರು.

“ಲೇ ಪರ್ಶ್ಯಾ! ಹೆಂಡ್ತಿ ಸೆರಗು ಹಿಡ್ಕಂಡು ಹೊಂಟ್ಯಲ್ಲ, ಗಂಡಸಾಗಿ ಒಂದು ಮಾತು ಹೇಳಿ ಹೋಗು! ಇಷ್ಟು ದಿನ ನಿನ್ನ ಕೂಸಿಗೆ ನಿದ್ದಿಗೆಟ್ಟಾವ್ರು ಯಾರು? ನೀನಾ, ನಾವಾ?”

ಇದಕ್ಕೆ ಪರಶುವಿನ ಬಳಿ ಉತ್ತರವಿತ್ತು. ಎಂಥ ಉತ್ತರ! ನಿದ್ದೆಗೆಟ್ಟವರು ಯಾರು, ನಿದ್ದೆ ಕೆಡಿಸಿದವರು ಯಾರು, ಬಾಣಂತನದ ನಾಲ್ಕು ತಿಂಗಳು ಫೋನು ಹಿಡಿದು ಖಾಲಿ ಕೋಣೆಯಲ್ಲಿ ಕೂತವನು ಯಾರು ಎಂದು ಓಣಿಗೆಲ್ಲ ಕೇಳುವಂತೆ, ಮಾವನ ಏಳು ತಲೆಮಾರು ಮರೆಯದಂತೆ ಹೇಳುವ ಉತ್ತರ. ಅದು ಎದೆಯಿಂದ ಎದ್ದು ಗಂಟಲಿಗೆ ಬಂತು. ಅವನು ತಿರುಗಿ ನಿಂತು ಬಾಯಿಯನ್ನೂ ತೆರೆದ.

ಕುತ್ತಿಗೆಗೆ ಬಿಸಿ ಉಸಿರು ತಾಗಿತು. ಹೆಗಲ ಮೇಲಿನ ಪುಟ್ಟ ಮುಷ್ಟಿ ಬಿಚ್ಚಿಕೊಂಡು ಅಂಗಿಯ ಮೇಲೆ ಸಡಿಲಾಗಿ ಜಾರಿತು. ಒಂದು ಮಾತು ಆಡಿದರೂ ಎದೆ ಅದುರುತ್ತದೆ.

“ಯಾಕಲೇ, ನಾಲಿಗಿ ಬಿದ್ದೋತೇನು? ಮಾತಾಡು!”

ಪರಶು ಬಾಯಿ ಮುಚ್ಚಿದ. ಹೆಜ್ಜೆಯ ಸದ್ದಾಗದಂತೆ ತಿರುಗಿ, ಬಿಸಿಲಿಗೆ ಬೆನ್ನು ಕೊಟ್ಟು ಮಗಳ ತಲೆಗೆ ಅಂಗೈ ನೆರಳು ಹಿಡಿದು, ಬಸ್‌ಸ್ಟ್ಯಾಂಡಿನ ಕಡೆ ನಡೆದ.